ಡಿಎನ್‌ಎ ನಕಲಿನಲ್ಲಿ ತಪ್ಪು ಹೆಚ್ಚಾದರೆ: ಕೈಕೊಟ್ಟ ಹಂತವನ್ನು ಪತ್ತೆ ಮಾಡುವ ಬಗೆ

ದೂರು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ರಾತ್ರಿಯಿಡೀ ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯಾದ ಸುಮಾರು 100 ಕೋಟಿ ಕೋಶಗಳನ್ನು ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಪ್ಲೇಟಿನ ಮೇಲೆ ಸವರಿದ್ದೀರಿ. ಮರುದಿನ ಹತ್ತಿಪ್ಪತ್ತು ಕಾಲೊನಿ (ಒಂದೊಂದು ಕೋಶದಿಂದ ಬೆಳೆದ ಗುಂಪು) ಕಂಡರೆ ಎಲ್ಲವೂ ಸರಿ. ಆದರೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಪ್ಲೇಟಿನ ತುಂಬ ಮರಳು ಚೆಲ್ಲಿದ ಹಾಗೆ ಕಾಲೊನಿಗಳು. ಎಣಿಸಲು ಕೂತರೆ ಸಾವಿರ ದಾಟುತ್ತದೆ.

ರಿಫಾಂಪಿಸಿನ್ ಹಿಡಿದುಕೊಳ್ಳುವುದು ಆರ್‌ಎನ್‌ಎ ಪಾಲಿಮರೇಸ್ ಕಿಣ್ವದ ಒಂದು ಭಾಗವನ್ನು. ಆ ಭಾಗದ ಜೀನಿನಲ್ಲಿ ಆಯಕಟ್ಟಿನ ಜಾಗದಲ್ಲಿ ಒಂದೇ ಒಂದು ಬೇಸ್, ಅಂದರೆ ಡಿಎನ್‌ಎ ಬರಹದ ಒಂದು ಅಕ್ಷರ, ಬದಲಾದರೂ ಔಷಧಕ್ಕೆ ಹಿಡಿತ ತಪ್ಪಿ ಕೋಶ ಬದುಕಿಕೊಳ್ಳುತ್ತದೆ. ಹಾಗಾಗಿ ಪ್ಲೇಟಿನ ಮೇಲಿನ ಒಂದೊಂದು ಕಾಲೊನಿಯೂ ಡಿಎನ್‌ಎಯಲ್ಲಿ ಎಲ್ಲೋ ನಡೆದ ಒಂದು ಬದಲಾವಣೆಗೆ ಸಾಕ್ಷಿ. ಕಾಲೊನಿ ನೂರು ಪಟ್ಟು ಹೆಚ್ಚಿದೆ ಎಂದರೆ ತಪ್ಪೂ ನೂರು ಪಟ್ಟು ಹೆಚ್ಚಿರಬೇಕು. ಇರಬೇಕು ಎನ್ನುತ್ತಿದ್ದೇನೆ, ಇದೆ ಎನ್ನುತ್ತಿಲ್ಲ. ಅದರ ಕಾರಣ ಮುಂದಿದೆ.

ಮಾನವ ಕೋಶಗಳೊಂದಿಗೆ ಕೆಲಸ ಮಾಡುವವರಿಗೆ ಇದೇ ದೂರು ಬೇರೆ ವೇಷದಲ್ಲಿ ಬರುತ್ತದೆ: ಗಡ್ಡೆಯೊಂದರ ಡಿಎನ್‌ಎ ಓದಿಸಿದಾಗ ಮ್ಯುಟೇಶನ್‌ಗಳ, ಅಂದರೆ ಡಿಎನ್‌ಎಯಲ್ಲಿ ಉಳಿದುಹೋದ ಬದಲಾವಣೆಗಳ, ಪಟ್ಟಿ ಮುಗಿಯುವುದೇ ಇಲ್ಲ. ಎರಡಕ್ಕೂ ಹುಡುಕುವ ದಾರಿ ಒಂದೇ ಆದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇನೆ.

ಸರಿಯಾಗಿ ನಡೆಯುವಾಗ ಹೇಗಿರುತ್ತದೆ

ಕೆಟ್ಟದ್ದು ಯಾವುದು ಎಂದು ತಿಳಿಯಲು ಚೆನ್ನಾಗಿ ನಡೆಯುವುದರ ಅಳತೆ ಕೈಯಲ್ಲಿರಬೇಕು. ಇ. ಕೋಲಿಯ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳಿವೆ. ಒಂದೇ ಜಾಗದಿಂದ ಹೊರಟ ಎರಡು ನಕಲು ಯಂತ್ರಗಳು ಎದುರು ದಿಕ್ಕಿನಲ್ಲಿ ಓಡಿ ಸುಮಾರು 40 ನಿಮಿಷದಲ್ಲಿ ಇದನ್ನು ಮುಗಿಸುತ್ತವೆ. ವೇಗ ಸೆಕೆಂಡಿಗೆ ಸಾವಿರದ ಆಸುಪಾಸು. ಇಷ್ಟು ಆತುರದಲ್ಲೂ ಕೆಲವು ನೂರರಿಂದ ಸಾವಿರ ಕೋಶ ವಿಭಜನೆಗೆ ಒಂದು ಹೊಸ ಮ್ಯುಟೇಶನ್ ಮಾತ್ರ ಉಳಿಯುತ್ತದೆ.

ಈ ನಿಖರತೆ ಒಂದೇ ಕೈಯ ಚಳಕವಲ್ಲ, ಮೂರು ಜರಡಿಗಳು ಒಂದರ ಕೆಳಗೆ ಒಂದು ನಿಂತಿವೆ.

ಮೊದಲನೆಯದು ಆಯ್ಕೆ. ಎ ಎದುರು ಟಿ, ಜಿ ಎದುರು ಸಿ ಎಂಬ ನಿಯಮ ಶಾಲೆಯಲ್ಲೇ ಕಲಿತದ್ದು. ಆದರೆ ಹೈಡ್ರೋಜನ್ ಬಂಧಗಳ ಬಲವನ್ನಷ್ಟೇ ನಂಬಿದರೆ ಈ ನಿಯಮ ಪದೇ ಪದೇ ಮುರಿಯುತ್ತದೆ, ಏಕೆಂದರೆ ತಪ್ಪು ಜೋಡಿಗೂ ಸರಿ ಜೋಡಿಗೂ ಬಲದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಹೊಸ ಎಳೆ ಬರೆಯುವ ಡಿಎನ್‌ಎ ಪಾಲಿಮರೇಸ್ ಕಿಣ್ವ ನೋಡುವುದು ಆಕಾರವನ್ನು. ಅದು ಅರೆಮುಚ್ಚಿದ ಬಲಗೈಯಂತಿದೆ: ಅಂಗೈ, ಬೆರಳು, ಹೆಬ್ಬೆರಳು. ಹೊಸ ಬೇಸ್ ಬಂದು ಕೂತಾಗ ಜೋಡಿಯ ಅಗಲ ಸರಿಯಿದ್ದರೆ ಬೆರಳುಗಳು ಮಡಚಿಕೊಂಡು ಕೊಂಡಿ ಬೀಳುತ್ತದೆ. ಅಳತೆ ತಪ್ಪಿದರೆ ಕೈ ಪೂರ್ತಿ ಮುಚ್ಚುವುದಿಲ್ಲ, ಬಂದ ಬೇಸ್ ಹಾಗೇ ಜಾರಿಹೋಗುತ್ತದೆ. ಇಲ್ಲಿ ತಪ್ಪುವುದು 10 ಸಾವಿರದಿಂದ 1 ಲಕ್ಷಕ್ಕೆ ಒಂದು.

ಎರಡನೆಯದು ಪ್ರೂಫ್ ನೋಡುವುದು. ಆಗತಾನೇ ಸೇರಿಸಿದ ಬೇಸ್ ತಪ್ಪಾಗಿದ್ದರೆ ಎಳೆಯ ತುದಿ ಸರಿಯಾಗಿ ಕೂರುವುದಿಲ್ಲ, ಮುಂದಿನದನ್ನು ಸೇರಿಸಲು ಪಾಲಿಮರೇಸ್ ತಡವರಿಸುತ್ತದೆ. ಆ ತಡವರಿಕೆಯೇ ಸೂಚನೆ. ಬಿಚ್ಚಿಕೊಂಡ ತುದಿ ಸುಮಾರು 30 ಆಂಗ್‌ಸ್ಟ್ರಾಮ್ ದೂರದ ಇನ್ನೊಂದು ಗುಂಡಿಗೆ ಸರಿಯುತ್ತದೆ. ಅಲ್ಲಿರುವ ಎಕ್ಸೊನ್ಯೂಕ್ಲಿಯೇಸ್ ಕತ್ತರಿ ಕೊನೆಯ ಬೇಸನ್ನು ಕತ್ತರಿಸಿ ಹಾಕುತ್ತದೆ. ಇದರಿಂದ ತಪ್ಪು ಇನ್ನೂ ನೂರು ಪಟ್ಟು ಇಳಿಯುತ್ತದೆ.

ಮೂರನೆಯದು ಯಂತ್ರ ಮುಂದೆ ಹೋದ ಮೇಲೆ ಹಿಂದಿನಿಂದ ಬರುವ ಮಿಸ್‌ಮ್ಯಾಚ್ ರಿಪೇರಿ, ಅಂದರೆ ಜೋಡಿ ತಪ್ಪಿ ಕೂತದ್ದನ್ನು ಹುಡುಕಿ ತಿದ್ದುವ ದಳ. ಇದು ಮತ್ತೆ ನೂರರಿಂದ ಸಾವಿರ ಪಟ್ಟು ಇಳಿಸುತ್ತದೆ. ಕೊನೆಗೆ ಉಳಿಯುವುದು 100 ಕೋಟಿಯಿಂದ 1000 ಕೋಟಿ ಬೇಸಿಗೆ ಒಂದು ತಪ್ಪು.

ಲೆಕ್ಕ ಹಾಕಿ ನೋಡಿ. ಲಕ್ಷಕ್ಕೆ ಒಂದು ತಪ್ಪುವ ಆಯ್ಕೆಯೊಂದೇ ಇದ್ದಿದ್ದರೆ ಇ. ಕೋಲಿಯ ಪ್ರತಿ ನಕಲಿನಲ್ಲೂ 46 ತಪ್ಪು. ಪ್ರೂಫ್ ಸೇರಿದರೆ ಎರಡು ನಕಲಿಗೆ ಒಂದು. ಮೂರನೆಯ ಜರಡಿಯೂ ಸೇರಿದ ಮೇಲಷ್ಟೇ ಸಾವಿರಕ್ಕೆ ಒಂದರ ಮಟ್ಟ ಮುಟ್ಟುವುದು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ದೋಷ ಹುಡುಕಲು ನೇರವಾಗಿ ಬೇಕಾಗುವುದಿಲ್ಲ, ಆದರೆ ಹೇಳದೆ ಇರಲಾಗುವುದಿಲ್ಲ. ಪಾಲಿಮರೇಸಿಗೆ ಖಾಲಿ ಜಾಗದಿಂದ ಎಳೆ ಶುರು ಮಾಡಲು ಬರುವುದಿಲ್ಲ, ಮೊದಲು ಪ್ರೈಮೇಸ್ ಎಂಬ ಕಿಣ್ವ ಒಂದು ಚಿಕ್ಕ ಆರ್‌ಎನ್‌ಎ ತುಂಡು ಹಾಕಿಕೊಡಬೇಕು. ಎಷ್ಟೋ ಪಠ್ಯಗಳಲ್ಲಿ ಇದನ್ನು ಕಿಣ್ವದ ಕುಂದು ಎಂಬಂತೆ ಬರೆದಿರುತ್ತಾರೆ. ತಿರುಗಿಸಿ ನೋಡಿದರೆ ಇದು ಎಚ್ಚರಿಕೆ. ಸರಿಯಾಗಿ ಜೋಡಿಯಾದ ತುದಿ ಇಲ್ಲದೆ ಮುಂದೆ ಹೋಗೆನು ಎಂಬುದೇ ಪ್ರೂಫ್ ನೋಡುವವನ ಗುಣ. ಅಂಥವನಿಗೆ ಬರಿಗೈಯಲ್ಲಿ ಶುರು ಮಾಡಲು ಹೇಗೆ ಬಂದೀತು? ಮೊದಲ ಕೆಲವು ಬೇಸುಗಳಲ್ಲಿ ತಪ್ಪು ಹೆಚ್ಚು. ಅದಕ್ಕೇ ಆ ಭಾಗವನ್ನು ಆರ್‌ಎನ್‌ಎಯಲ್ಲಿ ಬರೆದು, ಆಮೇಲೆ ಕಿತ್ತು, ಡಿಎನ್‌ಎಯಲ್ಲಿ ಮತ್ತೆ ಬರೆಯುತ್ತಾರೆ. ಕರಡು ಎಂದು ಗುರುತು ಹಾಕಿ ಬರೆದ ಹಾಗೆ.

ಕೋಶವನ್ನು ಅನುಮಾನಿಸುವ ಮುನ್ನ ಅಳತೆಯನ್ನು ಅನುಮಾನಿಸಿ

ಪ್ಲೇಟಿನ ಮೇಲೆ ಸಾವಿರ ಕಾಲೊನಿ ಕಂಡೊಡನೆ ಜೀನ್ ಹುಡುಕಲು ಓಡಬೇಡಿ. ನಾನು ಓಡಿದ್ದೇನೆ, ಮೂರು ವಾರ ಕಳೆದುಕೊಂಡಿದ್ದೇನೆ.

ನಡೆದದ್ದು ಇಷ್ಟೇ. ಐದು ಟ್ಯೂಬಿನಲ್ಲಿ ಬೇರೆ ಬೇರೆಯಾಗಿ ಬೆಳೆಸಿ ಪ್ಲೇಟ್ ಹಾಕಿದ್ದೆ. ಎಣಿಕೆ 11, 14, 9, 17 ಮತ್ತು 640. ಸರಾಸರಿ ತೆಗೆದರೆ 138. ಸಾಧಾರಣಕ್ಕಿಂತ ಹತ್ತು ಪಟ್ಟು ಹೆಚ್ಚು ಎಂದು ಖುಷಿಯಾಗಿ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದೆ. ದೋಷ ಇದ್ದದ್ದು ಸರಾಸರಿಯಲ್ಲಿ. ಐದನೆಯ ಟ್ಯೂಬಿನಲ್ಲಿ ಮ್ಯುಟೇಶನ್ ಬೇಗನೇ, ಕೋಶಗಳ ಸಂಖ್ಯೆ ಇನ್ನೂ ಕಡಿಮೆ ಇದ್ದಾಗ ಆಗಿಬಿಟ್ಟಿತ್ತು. ಆ ಒಂದು ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಔಷಧ ತಡೆದುಕೊಂಡವು. 640 ಕಾಲೊನಿ ಎಂದರೆ 640 ತಪ್ಪಲ್ಲ, ಒಂದೇ ತಪ್ಪಿನ ವಂಶ.

1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ತೋರಿಸಿದ್ದು ಇದನ್ನೇ. ಟ್ಯೂಬಿನಿಂದ ಟ್ಯೂಬಿಗೆ ಎಣಿಕೆ ಇಷ್ಟು ಏರುಪೇರಾಗುವುದೇ ಮ್ಯುಟೇಶನ್ ಮೊದಲೇ, ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎನ್ನುವುದಕ್ಕೆ ಅವರ ಸಾಕ್ಷ್ಯ. ನಮ್ಮ ಕೆಲಸಕ್ಕೆ ಪಾಠ ಹೀಗೆ: ಹತ್ತಕ್ಕಿಂತ ಕಡಿಮೆ ಟ್ಯೂಬ್ ಇಡಬೇಡಿ, ಇಪ್ಪತ್ತಾದರೆ ಒಳ್ಳೆಯದು. ಪ್ರತಿ ಟ್ಯೂಬನ್ನೂ ಕೆಲವೇ ಕೋಶಗಳಿಂದ ಶುರು ಮಾಡಿ. ಸರಾಸರಿ ಬಿಟ್ಟು, ಏರಿಕೆ ಕ್ರಮದಲ್ಲಿ ನಡುವೆ ಬರುವ ಸಂಖ್ಯೆಯನ್ನು ತೆಗೆದುಕೊಳ್ಳಿ. ಮೇಲಿನ ಐದರಲ್ಲಿ ಅದು 14. ಔಷಧವಿಲ್ಲದ ಪ್ಲೇಟಿನಲ್ಲಿ ಬದುಕಿರುವ ಕೋಶಗಳನ್ನೂ ಎಣಿಸಿ, ಇಲ್ಲದಿದ್ದರೆ ಯಾವುದರಲ್ಲಿ ಎಷ್ಟು ಎಂಬುದೇ ತಿಳಿಯುವುದಿಲ್ಲ. ರಿಫಾಂಪಿಸಿನ್ ಬೆಳಕಿಗೆ ಕೆಡುವ ಔಷಧ. ಬೆಂಚಿನ ಮೇಲೆ ವಾರಗಟ್ಟಲೆ ಬಿದ್ದ ಪ್ಲೇಟುಗಳಲ್ಲಿ ಸಾಧಾರಣ ಕೋಶಗಳೂ ಮಂಕಾಗಿ ಬೆಳೆದು ಮೋಸ ಮಾಡುತ್ತವೆ.

ಸೀಕ್ವೆನ್ಸಿಂಗ್ ಮಾಡುವವರಿಗೆ, ಅಂದರೆ ಡಿಎನ್‌ಎ ಓದಿಸುವವರಿಗೆ, ಬೇರೆ ಬಲೆಗಳಿವೆ. ಡಿಎನ್‌ಎಯನ್ನು ತುಂಡು ಮಾಡುವಾಗ ಗ್ವಾನಿನ್ ಆಕ್ಸಿಡೀಕರಣಗೊಂಡರೆ ಜಿ ಇದ್ದಲ್ಲಿ ಟಿ ಎಂದು ಓದುತ್ತದೆ. ಫಾರ್ಮಲಿನ್‌ನಲ್ಲಿಟ್ಟ ಹಳೆಯ ಅಂಗಾಂಶದಲ್ಲಿ ಸೈಟೊಸಿನ್ ಕೆಟ್ಟು ಯುರಾಸಿಲ್ ಆಗಿ, ಸಿ ಇದ್ದಲ್ಲಿ ಟಿ ಕಾಣುತ್ತದೆ. ಇವು ಕೋಶದ ತಪ್ಪುಗಳಲ್ಲ, ನಮ್ಮವು. ಗುರುತಿಸಲು ಒಂದೇ ಪ್ರಶ್ನೆ ಸಾಕು: ಬದಲಾವಣೆ ಡಿಎನ್‌ಎಯ ಎರಡೂ ಎಳೆಗಳಲ್ಲಿ ಇದೆಯೇ, ಒಂದರಲ್ಲಿ ಮಾತ್ರವೇ? ನಿಜವಾದ ಮ್ಯುಟೇಶನ್ ಎರಡೂ ಎಳೆಗಳಲ್ಲಿ ಜೋಡಿಯಾಗಿ ಕೂತಿರುತ್ತದೆ. ಟೆಸ್ಟ್‌ಟ್ಯೂಬಿನಲ್ಲಿ ಆದ ಗಾಯ ಒಂದೇ ಎಳೆಯಲ್ಲಿರುತ್ತದೆ.

ಎಣಿಕೆ ಸಾಕು, ಈಗ ಕೈಬರಹ ನೋಡಿ

ತಪ್ಪು ನಿಜವಾಗಿ ಹೆಚ್ಚಿದೆ ಎಂದು ಖಾತ್ರಿಯಾಯಿತು ಎನ್ನೋಣ. ಬಹಳಷ್ಟು ಜನ ಎಡವುವುದು ಇಲ್ಲೇ. ಎಷ್ಟು ಪಟ್ಟು ಹೆಚ್ಚಿದೆ ಎಂಬುದನ್ನೇ ಮತ್ತೆ ಮತ್ತೆ ಅಳೆಯುತ್ತಾರೆ. ನೂರು ಪಟ್ಟು ಹೆಚ್ಚಿಸುವ ದೋಷಗಳು ಹಲವಾರಿವೆ, ಸಂಖ್ಯೆ ಅವುಗಳನ್ನು ಬೇರ್ಪಡಿಸದು. ಯಾವ ಬೇಸ್ ಯಾವುದಾಯಿತು ಎಂಬುದು ಬೇರ್ಪಡಿಸುತ್ತದೆ. ಪ್ರತಿ ದೋಷಕ್ಕೂ ಅದರದೇ ಕೈಬರಹವಿದೆ.

ಇದನ್ನು ಓದಲು 1989ರಲ್ಲಿ ಕ್ಲೇರ್ ಕಪಲ್ಸ್ ಮತ್ತು ಜೆಫ್ರಿ ಮಿಲ್ಲರ್ ಮಾಡಿಟ್ಟ ಉಪಾಯ ಈಗಲೂ ನನಗೆ ಅಚ್ಚುಮೆಚ್ಚು. ಲ್ಯಾಕ್ಟೋಸ್ ಒಡೆಯುವ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವದ 461ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಲೇಬೇಕು, ಇಲ್ಲದಿದ್ದರೆ ಕಿಣ್ವ ಕೆಲಸ ಮಾಡುವುದಿಲ್ಲ. ಅವರು ಆ ಜಾಗದ ಸಂಕೇತವನ್ನು ಆರು ಬಗೆಯಲ್ಲಿ ಕೆಡಿಸಿ ಆರು ತಳಿ ಮಾಡಿದರು, ಸಿಸಿ101ರಿಂದ ಸಿಸಿ106. ಪ್ರತಿ ತಳಿಯೂ ಒಂದೇ ಒಂದು ನಿರ್ದಿಷ್ಟ ಬೇಸ್ ಬದಲಾವಣೆಯಿಂದ ಮಾತ್ರ ಮತ್ತೆ ಸರಿಹೋಗುತ್ತದೆ. ಜೋಡಿಯಾಗಿ ಲೆಕ್ಕ ಹಾಕಿದರೆ ಬೇಸ್ ಬದಲಾವಣೆಗಳು ಒಟ್ಟು ಆರೇ ಬಗೆ. ಆರು ಬೀಗ, ಆರು ಕೀಲಿ. ನಿಮ್ಮ ಅನುಮಾನದ ದೋಷವನ್ನು ಆರೂ ತಳಿಗಳಿಗೆ ಸೇರಿಸಿ, ಲ್ಯಾಕ್ಟೋಸ್ ಮಾತ್ರ ಇರುವ ಪ್ಲೇಟಿನಲ್ಲಿ ಹಾಕಿ. ಯಾವ ಬೀಗ ತೆರೆಯಿತೋ ಆ ತಪ್ಪು ಹೆಚ್ಚಿದೆ.

ಕಣ್ಣಾರೆ ನೋಡಬೇಕೆಂದರೆ ನೀಲಿ ಬಣ್ಣ ಕೊಡುವ ಎಕ್ಸ್-ಗ್ಯಾಲ್ ಬೆರೆಸಿದ ಪ್ಲೇಟಿನಲ್ಲಿ ಒಂದೊಂದೇ ಕಾಲೊನಿ ಬೆಳೆಸಿ ಕೆಲವು ದಿನ ಬಿಡಿ. ಆರೋಗ್ಯವಂತ ಕಾಲೊನಿ ಬೆಳ್ಳಗೆ, ನುಣ್ಣಗೆ ಇರುತ್ತದೆ. ಎಲ್ಲೋ ಒಂದು ನೀಲಿ ಚುಕ್ಕೆ ಇದ್ದರೂ ಇರಬಹುದು. ದೋಷವಿರುವ ಕಾಲೊನಿಯ ಬಿಳಿ ಬೆನ್ನ ಮೇಲೆ ಸೂಜಿಮೊನೆಯಷ್ಟು ನೀಲಿ ಬೊಕ್ಕೆಗಳು ಎದ್ದಿರುತ್ತವೆ, ಹತ್ತು, ಇಪ್ಪತ್ತು, ಕೆಲವೊಮ್ಮೆ ಇಡೀ ಕಾಲೊನಿ ನೀಲಿ ಸಿಡುಬು ಬಂದ ಹಾಗೆ. ಒಂದೊಂದು ಬೊಕ್ಕೆಯೂ ಆ ಕಾಲೊನಿ ಬೆಳೆಯುವಾಗ ನಡೆದ ಒಂದು ತಪ್ಪಿನಿಂದ ಹುಟ್ಟಿದ್ದು. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇನ್ನು ಒಂದೊಂದೇ ಕೈಬರಹ.

ಒಂದೇ ಬೀಗ ತೆರೆದಿದೆ

ಸಿಸಿ101 ಮಾತ್ರ ಸಾವಿರ ಪಟ್ಟು ಏರಿ, ಉಳಿದವು ತಣ್ಣಗಿವೆ ಎಂದರೆ ಎ-ಟಿ ಜೋಡಿ ಸಿ-ಜಿ ಆಗುತ್ತಿದೆ. ದೋಷ ನಕಲು ಯಂತ್ರದಲ್ಲಿಲ್ಲ, ಅದಕ್ಕೆ ಬರುವ ಸರಕಿನಲ್ಲಿದೆ. ಆಮ್ಲಜನಕದ ಬಿಸಿಗೆ ಸಿಕ್ಕ ಬಿಡಿ ಗ್ವಾನಿನ್ 8-ಆಕ್ಸೊಗ್ವಾನಿನ್ ಆಗುತ್ತದೆ. ಇದು ಎರಡು ಮುಖದ ಬೇಸ್, ಸಿ ಜೊತೆಗೂ ಕೂರುತ್ತದೆ, ಎ ಜೊತೆಗೂ ಕೂರುತ್ತದೆ. ಮ್ಯೂಟ್‌ಟಿ ಎಂಬ ಕಿಣ್ವ ಇಂಥ ಕೆಟ್ಟ ಸರಕನ್ನು ಉಗ್ರಾಣದಲ್ಲೇ ಒಡೆದುಹಾಕುತ್ತದೆ. ಅದು ಇಲ್ಲದಿದ್ದರೆ ಕೆಟ್ಟ ಗ್ವಾನಿನ್ ಎ ಎದುರು ಸೇರಿಕೊಂಡು, ಮುಂದಿನ ನಕಲಿನಲ್ಲಿ ತನ್ನೆದುರು ಸಿಯನ್ನು ಕೂರಿಸಿಕೊಳ್ಳುತ್ತದೆ. ಖಚಿತಪಡಿಸಿಕೊಳ್ಳಲು ಆಮ್ಲಜನಕವಿಲ್ಲದೆ ಬೆಳೆಸಿ ನೋಡಿ. ಮ್ಯೂಟ್‌ಟಿಯ ದೋಷವಾಗಿದ್ದರೆ ತಪ್ಪಿನ ಅಬ್ಬರ ಇಳಿಯುತ್ತದೆ.

ಸಿಸಿ104 ಮಾತ್ರ ಏರಿದ್ದರೆ ಜಿ-ಸಿ ಜೋಡಿ ಟಿ-ಎ ಆಗುತ್ತಿದೆ. ಅದೇ 8-ಆಕ್ಸೊಗ್ವಾನಿನ್, ಆದರೆ ಈ ಸಲ ಡಿಎನ್‌ಎಯಲ್ಲೇ ಕೂತಿದ್ದ ಗ್ವಾನಿನ್ ಕೆಟ್ಟಿದೆ. ಅದನ್ನು ಕಿತ್ತುಹಾಕುವುದು ಮ್ಯೂಟ್‌ಎಂ. ಕೀಳುವುದರೊಳಗೆ ನಕಲಾಗಿ ಎದುರಿಗೆ ಎ ಕೂತಿದ್ದರೆ ಆ ಎಯನ್ನು ತೆಗೆಯುವುದು ಮ್ಯೂಟ್‌ವೈ. ಎರಡರಲ್ಲಿ ಒಂದು ಕೆಟ್ಟರೆ ಏರಿಕೆ ಸಾಧಾರಣ, ಎರಡೂ ಕೆಟ್ಟರೆ ವಿಪರೀತ. ಮನುಷ್ಯರಲ್ಲಿ ಮ್ಯೂಟ್‌ವೈಗೆ ಸಮನಾದ ಮ್ಯೂಟ್‌ವೈಎಚ್ ಜೀನಿನ ಎರಡೂ ಪ್ರತಿ ಕೆಟ್ಟವರಲ್ಲಿ ದೊಡ್ಡ ಕರುಳಿನಲ್ಲಿ ಪಾಲಿಪ್‌ಗಳು ಏಳುತ್ತವೆ, ಆ ಗಡ್ಡೆಗಳಲ್ಲಿ ಕಾಣುವುದೂ ಇದೇ ಜಿಯಿಂದ ಟಿ ಬರಹ.

ಎಲ್ಲ ಬೀಗಗಳೂ ತೆರೆದಿವೆ, ಸಂಖ್ಯೆ ಹುಚ್ಚೆದ್ದಿದೆ

ಆಗ ಪ್ರೂಫ್ ನೋಡುವವನ ಕಡೆ ತಿರುಗಿ. ಇ. ಕೋಲಿಯ ಮುಖ್ಯ ನಕಲು ಯಂತ್ರದಲ್ಲಿ ಬರೆಯುವ ಕೆಲಸ ಆಲ್ಫಾ ಎಂಬ ಭಾಗದ್ದು, ಕತ್ತರಿ ಎಪ್ಸಿಲಾನ್ ಎಂಬ ಇನ್ನೊಂದು ಭಾಗದ ಕೈಯಲ್ಲಿ. ಎಪ್ಸಿಲಾನಿನ ಜೀನ್ ಡಿಎನ್‌ಎಕ್ಯೂ. ಇದರ ಹೆಸರಾಂತ ಕೆಟ್ಟ ರೂಪ ಮ್ಯೂಟ್‌ಡಿ5.

ಮ್ಯೂಟ್‌ಡಿ5 ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ದೋಷ ಹುಡುಕುವವರನ್ನು ಚೆನ್ನಾಗಿ ದಾರಿ ತಪ್ಪಿಸುತ್ತದೆ. ಸಮೃದ್ಧ ಆಹಾರದಲ್ಲಿ ಬೆಳೆಸಿದರೆ ತಪ್ಪುಗಳು ಸಾವಿರ ಪಟ್ಟು, ಅದಕ್ಕೂ ಮೀರಿ ಏರುತ್ತವೆ. ಬಡ ಆಹಾರದಲ್ಲಿ ಬೆಳೆಸಿದರೆ ಬಹಳ ಇಳಿಯುತ್ತವೆ. ಅದೇ ಕೋಶ, ಅದೇ ಮುರಿದ ಕತ್ತರಿ! ಸಮೃದ್ಧ ಆಹಾರದಲ್ಲಿ ಕೋಶ ವೇಗವಾಗಿ ಬೆಳೆದು ನಕಲಿನ ತಪ್ಪುಗಳನ್ನು ರಾಶಿ ಹಾಕುತ್ತದೆ. ಹಿಂದಿನಿಂದ ಬರುವ ಮಿಸ್‌ಮ್ಯಾಚ್ ರಿಪೇರಿ ದಳಕ್ಕೆ ಆ ರಾಶಿ ಹೊರೆಯಾಗಿ ಕೈಚೆಲ್ಲುತ್ತದೆ. ಆಗ ಕಾಣುವುದು ಒಂದು ಜರಡಿಯ ದೋಷವಲ್ಲ, ಎರಡು ಜರಡಿಗಳ ದೋಷ. ಮಿಸ್‌ಮ್ಯಾಚ್ ರಿಪೇರಿ ಕೆಟ್ಟಿಲ್ಲ, ಮುಳುಗಿದೆ ಅಷ್ಟೇ. ಮಿಸ್‌ಮ್ಯಾಚ್ ರಿಪೇರಿಯ ಜೀನುಗಳನ್ನು ಓದಿಸಿ ಎಲ್ಲ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಳ್ಳುವ ಮುಂಚೆ ಆಹಾರ ಬದಲಿಸಿ ಒಮ್ಮೆ ಅಳೆಯಿರಿ. ಎಣಿಕೆ ದಬಕ್ಕನೆ ಇಳಿದರೆ ಬೇರು ಪ್ರೂಫ್ ಹಂತದಲ್ಲಿದೆ.

ಮಾನವ ಕೋಶಗಳಲ್ಲಿ ಒಂದೇ ಓಟದಲ್ಲಿ ಬರೆಯುವ ಮುಂದಿನ ಎಳೆಯನ್ನು ಬಹುಪಾಲು ಪೋಲ್ ಎಪ್ಸಿಲಾನ್, ತುಂಡು ತುಂಡಾಗಿ ಬರೆಯುವ ಹಿಂದಿನ ಎಳೆಯನ್ನು ಪೋಲ್ ಡೆಲ್ಟಾ ಎಂಬ ಪಾಲಿಮರೇಸ್‌ಗಳು ಬರೆಯುತ್ತವೆ. (ಬ್ಯಾಕ್ಟೀರಿಯಾದ ಎಪ್ಸಿಲಾನಿಗೂ ಇದಕ್ಕೂ ಹೆಸರು ಮಾತ್ರ ಒಂದೇ, ಗೊಂದಲ ನಮ್ಮ ಹಿರಿಯರು ಮಾಡಿಟ್ಟದ್ದು.) ಪೋಲ್ ಎಪ್ಸಿಲಾನಿನ ಕತ್ತರಿ ಭಾಗ ಕೆಟ್ಟ ಗಡ್ಡೆಗಳಲ್ಲಿ 10 ಲಕ್ಷ ಬೇಸಿಗೆ 100ಕ್ಕೂ ಹೆಚ್ಚು ಮ್ಯುಟೇಶನ್ ಇರುತ್ತವೆ. ಕೈಬರಹ ಸ್ಪಷ್ಟ: ಟಿಸಿಟಿ ಎಂಬ ಮೂರಕ್ಷರದ ನಡುವಿನ ಸಿ ಹೋಗಿ ಎ, ಟಿಸಿಜಿಯ ನಡುವಿನ ಸಿ ಹೋಗಿ ಟಿ. ಇಷ್ಟೆಲ್ಲ ತಪ್ಪಿದ್ದರೂ ಒಂದೇ ಅಕ್ಷರ ಸಾಲಾಗಿ ಬರುವ ಪುನರಾವರ್ತನೆಗಳ ಉದ್ದ ಸಾಮಾನ್ಯವಾಗಿ ಸ್ಥಿರವಾಗಿಯೇ ಇರುತ್ತದೆ. ಮುಂದಿನ ದೋಷದಿಂದ ಇದನ್ನು ಬೇರೆ ಮಾಡುವ ಗೆರೆ ಅದೇ.

ಎರಡು ಬೀಗ ತೆರೆದಿವೆ, ಜೊತೆಗೆ ಪುನರಾವರ್ತನೆಗಳು ಜಾರುತ್ತಿವೆ

ಸಿಸಿ102 ಮತ್ತು ಸಿಸಿ106 ಏರಿವೆ, ಅಂದರೆ ದೊಡ್ಡ ಬೇಸಿನ (ಎ, ಜಿ) ಜಾಗಕ್ಕೆ ದೊಡ್ಡದೇ, ಚಿಕ್ಕದರ (ಸಿ, ಟಿ) ಜಾಗಕ್ಕೆ ಚಿಕ್ಕದೇ ಬರುತ್ತಿದೆ. ಜೊತೆಗೆ ಎಎಎಎಎಎ, ಜಿಜಿಜಿಜಿಜಿ ಥರದ ಸಾಲುಗಳಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗುತ್ತಿದೆ. ಇದು ಮಿಸ್‌ಮ್ಯಾಚ್ ರಿಪೇರಿ ಕೈಕೊಟ್ಟ ಬರಹ. ಈ ದಳ ಚೆನ್ನಾಗಿ ಹಿಡಿಯುವುದು ಜಿ-ಟಿ, ಎ-ಸಿ ತಪ್ಪು ಜೋಡಿಗಳನ್ನು ಮತ್ತು ಎಳೆ ಜಾರಿ ಉಂಟಾದ ಚಿಕ್ಕ ಕುಣಿಕೆಗಳನ್ನು. ಸಿ-ಸಿ ಜೋಡಿ ಇದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಹಿಡಿಯುತ್ತಿದ್ದವು ಹಾಗೇ ಉಳಿದವು ಎಂದರೆ ಹಿಡಿಯುವವನು ಇಲ್ಲ ಎಂದರ್ಥ.

ಈ ದಳದ ಕಷ್ಟ ತಪ್ಪು ಹುಡುಕುವುದಲ್ಲ, ತಪ್ಪು ಯಾರದು ಎಂದು ತೀರ್ಮಾನಿಸುವುದು. ಜಿ ಎದುರು ಟಿ ಕೂತಿದೆ. ಬದಲಿಸಬೇಕಾದ್ದು ಜಿಯನ್ನೋ ಟಿಯನ್ನೋ? ಹಳೆಯ ಎಳೆಯನ್ನು ತಿದ್ದಿಬಿಟ್ಟರೆ ತಪ್ಪು ಶಾಶ್ವತ. ಇ. ಕೋಲಿಯ ಉಪಾಯ: ಡ್ಯಾಮ್ ಎಂಬ ಕಿಣ್ವ ಜಿಎಟಿಸಿ ಎಂದು ಇರುವಲ್ಲೆಲ್ಲ ಎ ಮೇಲೆ ಮೀಥೈಲ್ ಗುರುತು ಹಾಕುತ್ತದೆ. ಹೊಸ ಎಳೆಗೆ ಗುರುತು ಬೀಳಲು ಸ್ವಲ್ಪ ತಡ. ಆ ತಡದಲ್ಲೇ ಮ್ಯೂಟ್‌ಎಸ್ ತಪ್ಪನ್ನು ಹಿಡಿದು, ಮ್ಯೂಟ್‌ಎಲ್ ಸುದ್ದಿ ಮುಟ್ಟಿಸಿ, ಮ್ಯೂಟ್‌ಎಚ್ ಗುರುತಿಲ್ಲದ ಎಳೆಯನ್ನು ಹತ್ತಿರದ ಜಿಎಟಿಸಿಯಲ್ಲಿ ಸೀಳುತ್ತದೆ. ಆ ಜಾಗ ಸಾವಿರ ಬೇಸಿನಷ್ಟು ದೂರ ಇರಬಹುದು. ಯುವಿಆರ್‌ಡಿ ಎಳೆ ಬಿಚ್ಚುತ್ತದೆ, ಎಕ್ಸೊನ್ಯೂಕ್ಲಿಯೇಸ್‌ಗಳು ತಪ್ಪಿನಾಚೆಯವರೆಗೂ ತಿಂದುಹಾಕುತ್ತವೆ, ಮತ್ತೆ ಬರೆಯುವುದು ನಡೆಯುತ್ತದೆ. ಒಂದು ಅಕ್ಷರಕ್ಕಾಗಿ ಇಡೀ ಪುಟ ಹರಿದು ಬರೆಯುವುದು. ಈ ಸರಪಣಿಯನ್ನು ಟ್ಯೂಬಿನಲ್ಲಿ ಹಂತ ಹಂತವಾಗಿ ಕಟ್ಟಿ ತೋರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಸರಪಣಿಯ ಯಾವ ಕೊಂಡಿ? ಮೊದಲು ಅಗ್ಗದ ಪರೀಕ್ಷೆಗಳು. ಅನುಮಾನದ ಕೋಶವನ್ನು ಅತಿನೇರಳೆ ಬೆಳಕಿಗೆ ಒಡ್ಡಿ. ಸಾಧಾರಣಕ್ಕಿಂತ ಬೇಗ ಸತ್ತರೆ ಯುವಿಆರ್‌ಡಿ ಮೇಲೆ ಅನುಮಾನ, ಏಕೆಂದರೆ ಅದಕ್ಕೆ ಅತಿನೇರಳೆ ಗಾಯ ರಿಪೇರಿಯಲ್ಲೂ ಪಾಲಿದೆ. ಅನಂತರ ಡಿಎನ್‌ಎ ತೆಗೆದು ಡಿಪಿಎನ್1 ಮತ್ತು ಎಂಬಿಒ1 ಕಿಣ್ವಗಳಿಂದ ಬೇರೆ ಬೇರೆಯಾಗಿ ಕತ್ತರಿಸಿ ಜೆಲ್ಲಿನಲ್ಲಿ ಓಡಿಸಿ. ಎರಡೂ ನೋಡುವುದು ಜಿಎಟಿಸಿಯನ್ನೇ, ಆದರೆ ಮೊದಲನೆಯದು ಗುರುತು ಇದ್ದರೆ ಮಾತ್ರ ಕತ್ತರಿಸುತ್ತದೆ, ಎರಡನೆಯದು ಇಲ್ಲದಿದ್ದರೆ ಮಾತ್ರ. ಡಿಪಿಎನ್1 ಮುಟ್ಟದೆ ಎಂಬಿಒ1 ಚಿಂದಿ ಮಾಡಿದರೆ ಡ್ಯಾಮ್ ಸತ್ತಿದೆ. ಡ್ಯಾಮ್ ಇಲ್ಲದ ಕೋಶ 2-ಅಮಿನೊಪ್ಯೂರಿನ್ ಎಂಬ ಬೇಸಿನಂಥ ರಾಸಾಯನಿಕ ಕೊಟ್ಟರೆ ಸಾಯುತ್ತದೆ: ತಪ್ಪುಗಳು ಹೆಚ್ಚಿ, ಗುರುತಿಲ್ಲದ್ದರಿಂದ ದಳ ಎರಡೂ ಎಳೆ ಕತ್ತರಿಸಿ ಡಿಎನ್‌ಎಯನ್ನೇ ತುಂಡು ಮಾಡುತ್ತದೆ. ಅದೇ ಕೋಶದಲ್ಲಿ ಮ್ಯೂಟ್‌ಎಸ್ಸನ್ನೂ ತೆಗೆದುಬಿಟ್ಟರೆ ಬದುಕಿಕೊಳ್ಳುತ್ತದೆ. ತಿದ್ದುವವನೇ ಕೊಲ್ಲುತ್ತಿದ್ದ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಜೆಲ್ಲಿನಲ್ಲಿ ಡ್ಯಾಮ್ ಸರಿಯಾಗಿ ಕಂಡರೂ ಒಂದು ಅನುಮಾನ ಉಳಿಯುತ್ತದೆ. ಪ್ಲಾಸ್ಮಿಡ್‌ನಿಂದಲೋ (ಕೋಶದೊಳಗಿನ ಚಿಕ್ಕ ಉಂಗುರದಂಥ ಡಿಎನ್‌ಎ) ಇನ್ನಾವುದರಿಂದಲೋ ಡ್ಯಾಮ್ ಅತಿಯಾಗಿದ್ದರೂ ತಪ್ಪು ಹೆಚ್ಚುತ್ತದೆ. ಹೊಸ ಎಳೆಗೆ ಆತುರದಲ್ಲಿ ಗುರುತು ಬಿದ್ದುಹೋಗಿ, ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳುವ ಸಮಯವೇ ಸಿಗದು. ಇವೆಲ್ಲ ದಾಟಿದರೆ ಉಳಿಯುವುದು ಮ್ಯೂಟ್‌ಎಸ್, ಎಲ್, ಎಚ್. ಈ ಮೂವರ ಬರಹ ಒಂದೇ, ಹೊರಗಿನಿಂದ ಬೇರೆ ಮಾಡಲಾಗದು, ಜೀನ್ ಓದಿಸಲೇಬೇಕು.

ಮಾನವ ಕೋಶದಲ್ಲಿ ಹೊಸ ಎಳೆ ಯಾವುದು ಎಂದು ತಿಳಿಯಲು ಮೀಥೈಲ್ ಗುರುತಿನ ಪದ್ಧತಿಯಿಲ್ಲ, ಹೊಸ ಎಳೆಯಲ್ಲಿರುವ ಸೀಳುಗಳು ಮತ್ತು ಪಾಲಿಮರೇಸನ್ನು ಡಿಎನ್‌ಎಗೆ ಹಿಡಿದಿಡುವ ಪಿಸಿಎನ್‌ಎ ಉಂಗುರ ಕೂತ ದಿಕ್ಕು ದಾರಿ ತೋರಿಸುತ್ತವೆ. ಇಲ್ಲಿ ದೋಷ ಪತ್ತೆಗೆ ಗಡ್ಡೆಯ ತೆಳು ಪದರಕ್ಕೆ, ಈ ದಳದ ನಾಲ್ಕು ಪ್ರೋಟೀನುಗಳನ್ನು ಹಿಡಿದು ತೋರಿಸುವ ಪ್ರತಿಕಾಯಗಳ ಬಣ್ಣ ಹಾಕುತ್ತಾರೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಓದುವ ಕ್ರಮ ತಿಳಿದಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇವು ಜೋಡಿಯಾಗಿ ಬದುಕುತ್ತವೆ. ಎಂಎಲ್‌ಎಚ್1 ಇಲ್ಲದಿದ್ದರೆ ಪಿಎಂಎಸ್2 ಒಂಟಿಯಾಗಿ ನಿಲ್ಲದೆ ಕರಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ ಹೋಗುತ್ತದೆ. ತಿರುಗುಮುರುಗಾದರೆ ಹಾಗಲ್ಲ. ಪಿಎಂಎಸ್2 ಅಥವಾ ಎಂಎಸ್‌ಎಚ್6 ಹೋದರೆ ಜೊತೆಗಾರ ಬೇರೆ ಜೊತೆ ಹುಡುಕಿಕೊಂಡು ಉಳಿಯುತ್ತಾನೆ. ಹಾಗಾಗಿ ಎಂಎಲ್‌ಎಚ್1, ಪಿಎಂಎಸ್2 ಎರಡೂ ಮಾಯವಾಗಿದ್ದರೆ ದೋಷ ಎಂಎಲ್‌ಎಚ್1ರದ್ದು. ಪಿಎಂಎಸ್2 ಮಾತ್ರ ಮಾಯವಾಗಿದ್ದರೆ ಮೊದಲು ಅದರದ್ದೇ ಜೀನ್ ನೋಡಿ.

ಎಂಎಲ್‌ಎಚ್1 ಹೋಗಿದೆ ಎಂದೊಡನೆ ಆನುವಂಶಿಕ ಎಂದು ಬರೆಯಬೇಡಿ. ಎಷ್ಟೋ ಸಲ ಜೀನಿನ ಅಕ್ಷರ ಒಂದೂ ಕೆಟ್ಟಿರುವುದಿಲ್ಲ, ಅದರ ಮುಂಭಾಗಕ್ಕೆ ಮೀಥೈಲ್ ಅಂಟಿ ಬಾಯಿ ಮುಚ್ಚಿರುತ್ತದೆ; ಅದು ಆ ಅಂಗಾಂಶದಲ್ಲಿ ಬದುಕಿನ ನಡುವೆ ಆದದ್ದು. ದೊಡ್ಡ ಕರುಳಿನ ಗಡ್ಡೆಯಲ್ಲಿ ಬಿಆರ್‌ಎಎಫ್ ಜೀನಿನ ವಿ600ಇ ಬದಲಾವಣೆ ಜೊತೆಗಿದ್ದರೆ ಅನುಮಾನ ಆ ಕಡೆಗೇ ವಾಲುತ್ತದೆ. ಎಂಎಸ್‌ಎಚ್2, ಎಂಎಸ್‌ಎಚ್6 ಜೋಡಿ ಹೋಗಿದ್ದರೆ ಲಿಂಚ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದ ಒಂದು ಪ್ರತಿ ಕೆಟ್ಟೇ ಬಂದಿರುವ ಸಾಧ್ಯತೆ ಮುಂದೆ ಬರುತ್ತದೆ. ಅಲ್ಲಿಂದಾಚೆ ಮನೆಯವರ ರಕ್ತ ಪರೀಕ್ಷೆ, ಆನುವಂಶಿಕ ಸಲಹೆಗಾರರ ಮಾತು. ಲ್ಯಾಬಿನ ಪ್ಲೇಟಿನ ಮುಂದೆ ಕೂತು ತೀರ್ಮಾನಿಸುವ ವಿಷಯ ಅಲ್ಲ.

ಯಾವ ಬರಹಕ್ಕೂ ಹೊಂದದಿದ್ದರೆ

ಎರಡು ಕಡೆ ನೋಡಿ. ಮೊದಲನೆಯದು ಬಿಡಿ ಬೇಸುಗಳ ದಾಸ್ತಾನು. ನಾಲ್ಕರಲ್ಲಿ ಒಂದು ಅತಿಯಾದರೆ ಅದು ಬೇರೆಯವರ ಜಾಗದಲ್ಲಿ ನುಗ್ಗುತ್ತದೆ. ನಾಲ್ಕೂ ಅತಿಯಾದರೂ ತೊಂದರೆಯೇ: ಮುಂದಿನ ಬೇಸ್ ತಟ್ಟನೆ ಸಿಗುವುದರಿಂದ ಪಾಲಿಮರೇಸಿನ ತಡವರಿಕೆ ಕಡಿಮೆಯಾಗಿ, ಕತ್ತರಿಗೆ ಅವಕಾಶ ಸಿಗುವ ಮೊದಲೇ ತಪ್ಪು ಒಳಗೆ ಹೂತುಹೋಗುತ್ತದೆ. ಯಂತ್ರದ ಯಾವ ಜೀನೂ ಕೆಟ್ಟಿರುವುದಿಲ್ಲ. ದಾಸ್ತಾನು ತಯಾರಿಸುವ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಕಡೆ ಹೋಗಿ.

ಎರಡನೆಯದು, ಇದು ನಕಲಿನ ತಪ್ಪೇ ಅಲ್ಲದಿರಬಹುದು. ಮೂಲ ಪ್ರತಿಯೇ ಗಾಯಗೊಂಡಿದ್ದರೆ ನಕಲು ಮಾಡುವವನು ಏನು ಮಾಡಿಯಾನು? ಅಕ್ಕಪಕ್ಕ ಇರುವ ಎರಡು ಪಿರಿಮಿಡಿನ್‌ಗಳ (ಸಿ, ಟಿ) ಜಾಗದಲ್ಲಿ ಸಿ ಹೋಗಿ ಟಿ, ಅದರಲ್ಲೂ ಸಿಸಿ ಹೋಗಿ ಟಿಟಿ ಆಗಿದ್ದರೆ ಅತಿನೇರಳೆ ಬೆಳಕು. ಸಿಜಿ ಎಂದಿರುವಲ್ಲಿ ಸಿ ಟಿ ಆಗಿದ್ದರೆ ಮೀಥೈಲ್ ಇದ್ದ ಸೈಟೊಸಿನ್ ತಾನೇ ಕೆಟ್ಟಿದೆ. ಇದು ವಯಸ್ಸಿನ ಜೊತೆ ಎಲ್ಲರಲ್ಲೂ ಕೂಡುತ್ತಾ ಹೋಗುವ ಬರಹ. ಬ್ಯಾಕ್ಟೀರಿಯಾದಲ್ಲಿ ಗಾಯ ಹೆಚ್ಚಾದಾಗ ಎಸ್‌ಒಎಸ್ ಎಂಬ ತುರ್ತು ವ್ಯವಸ್ಥೆ ಎದ್ದು, ಗಾಯದ ಮೇಲೆಯೇ ಹಾದುಹೋಗಬಲ್ಲ ಒರಟು ಪಾಲಿಮರೇಸ್‌ಗಳನ್ನು ಇಳಿಸುತ್ತದೆ. ಅವುಗಳಿಗೆ ಪ್ರೂಫ್ ಕತ್ತರಿಯಿಲ್ಲ. ಆ ಪಾಲಿಮರೇಸ್‌ಗಳ ಜೀನ್ ತೆಗೆದ ಮೇಲೆ ಹೆಚ್ಚುವರಿ ತಪ್ಪು ನಿಂತರೆ, ನಕಲು ಯಂತ್ರ ನಿರ್ದೋಷಿ. ಗಾಯ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಸಿಕ್ಕಿದ್ದು ಅದೇನಾ ಎಂದು ಖಾತ್ರಿ ಮಾಡಿಕೊಳ್ಳುವುದು

ಕೆಟ್ಟ ಜೀನ್ ಸಿಕ್ಕಿತು ಎನ್ನೋಣ. ಅದರ ಒಳ್ಳೆಯ ಪ್ರತಿಯನ್ನು ಪ್ಲಾಸ್ಮಿಡ್‌ನಲ್ಲಿ ಹಾಕಿ ಕೋಶಕ್ಕೆ ಕೊಡಿ, ಎಣಿಕೆ ಕೆಳಗಿಳಿಯಬೇಕು. ಇಳಿಯದಿದ್ದರೆ ಎರಡು ದೋಷಗಳಿರಬಹುದು. ಇದು ಅಪರೂಪವಲ್ಲ, ತಪ್ಪು ಹೆಚ್ಚು ಮಾಡುವ ತಳಿ ತನ್ನ ಮೇಲೆಯೇ ತಪ್ಪು ಮಾಡಿಕೊಳ್ಳುತ್ತದೆ. ರಿಚರ್ಡ್ ಲೆನ್ಸ್ಕಿ 1988ರಲ್ಲಿ ಶುರು ಮಾಡಿದ ದೀರ್ಘಕಾಲದ ಪ್ರಯೋಗದಲ್ಲಿ ಒಂದೇ ಪೂರ್ವಜನಿಂದ ಹೊರಟ 12 ಇ. ಕೋಲಿ ಸಾಲುಗಳಲ್ಲಿ 50 ಸಾವಿರ ತಲೆಮಾರು ಮುಟ್ಟುವುದರೊಳಗೆ 6 ಸಾಲುಗಳು ಹೀಗೆ ತಪ್ಪು ಹೆಚ್ಚು ಮಾಡುವವಾಗಿದ್ದವು.

ಒಳ್ಳೆಯ ಜೀನ್ ಕೊಟ್ಟ ಮೇಲೆ ಹೊಸ ನೀಲಿ ಬೊಕ್ಕೆ ಏಳುವುದು ನಿಲ್ಲುತ್ತದೆ. ಆದರೆ ಅದಕ್ಕೂ ಮುಂಚೆ ಎದ್ದ ಬೊಕ್ಕೆ ನೀಲಿಯಾಗಿಯೇ ಇರುತ್ತದೆ, ಹಿಂದೆ ಬಂದ ರಿಫಾಂಪಿಸಿನ್ ನಿರೋಧವೂ ಹಾಗೇ ಇರುತ್ತದೆ. ಎರಡೂ ಎಳೆಗಳಲ್ಲಿ ಒಮ್ಮೆ ಕೂತ ತಪ್ಪು ಯಾವ ಜರಡಿಗೂ ತಪ್ಪಾಗಿ ಕಾಣುವುದಿಲ್ಲ. ಆದ್ದರಿಂದ ಅಳತೆಗೆ ವಾರಗಟ್ಟಲೆ ಪ್ಲೇಟಿನಿಂದ ಪ್ಲೇಟಿಗೆ ಗೀರಿಕೊಂಡು ಬಂದ ತಳಿ ಬೇಡ. ದೋಷ ಮೊದಲು ಕಂಡ ದಿನವೇ ಒಂದೇ ಕಾಲೊನಿಯಿಂದ ಗ್ಲಿಸರಾಲ್‌ನಲ್ಲಿ ಹತ್ತು ಟ್ಯೂಬ್ ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ, ಪ್ರತಿ ಪ್ರಯೋಗಕ್ಕೂ ಅದರಲ್ಲೊಂದನ್ನು ಹೊಸದಾಗಿ ತೆಗೆಯಿರಿ, ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕದೆ ಎಸೆಯಿರಿ.